ದೋಸೆಕಾವಲಿಯ ಪಕ್ಕ ಒಣಗಿದ ಲೆಕ್ಕ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ನಮ್ಮ ಲೆಕ್ಕದ ಯಂತ್ರದ ಬಣ್ಣ ಬೂದು ಎಂದು ನನ್ನ ನೆನಪು. ಜೊತೆಗೆ ಕೆಲಸ ಮಾಡಿದ ಗೆಳತಿ ನೀಲಿ ಎನ್ನುತ್ತಾಳೆ. ಆಗಿನ ದಿನಚರಿ ನೋಡಿದರೆ ಬಣ್ಣದ ಮಾತೇ ಇಲ್ಲ, 'ಚಳಿ' ಎಂದಷ್ಟೇ ಬರೆದಿದ್ದೇನೆ. ಎಪ್ಪತ್ತರ ದಶಕದ ಮೊದಮೊದಲ ವರ್ಷಗಳು. ನಾಸಿಕದ ಬೇಸಿಗೆಯಲ್ಲಿ ಸ್ವೆಟರ್ ಹಿಡಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದವರು ನಾವೇ ಇರಬೇಕು.

ಬೇರೆ ಕಾರ್ಖಾನೆಗಳ ಲೆಕ್ಕವನ್ನು ಯಂತ್ರದಲ್ಲಿ ಮಾಡಿಕೊಡುವ ದೊಡ್ಡ ಕಂಪನಿ ನಮ್ಮದು. ಮುಖ್ಯ ಕಚೇರಿ ಮುಂಬಯಿಯಲ್ಲಿ, ಊರೂರಿಗೆ ಶಾಖೆ. ಕಾರ್ಖಾನೆಯಿಂದ ಬಂದ ಅಂಕಿಗಳನ್ನು ನಾವು ಹುಡುಗಿಯರು ದಪ್ಪ ಕಾರ್ಡುಗಳಲ್ಲಿ ತೂತು ಮಾಡುತ್ತಿದ್ದೆವು. ಯಂತ್ರ ಆ ತೂತುಗಳನ್ನು ಓದಿ ಅಗಲ ಕಾಗದದ ಮೇಲೆ ಲೆಕ್ಕ ಅಚ್ಚು ಹಾಕುತ್ತಿತ್ತು. ತಂಪು ಗಾಳಿ ಯಂತ್ರಕ್ಕೆ, ನಮಗೆ ಅದರ ಪ್ರಸಾದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ತ್ರ್ಯಂಬಕೇಶ್ವರಕ್ಕೆ ಹೋಗಿಬಂದ ಗಿರಾಕಿಗಳು ಅದೇ ಭಕ್ತಿಯಿಂದ ಇಲ್ಲೂ ಕೈಕಟ್ಟಿ ನಿಲ್ಲುತ್ತಿದ್ದರು. ಯಂತ್ರ ತಪ್ಪು ಮಾಡುವುದಿಲ್ಲ ಎಂಬುದು ಕಂಪನಿಯ ಮೊದಲ ನಿಯಮ. ತಪ್ಪು ಕಂಡರೆ ಅದು ಹುಡುಗಿಯರದು ಎಂಬುದು ಎರಡನೆಯದು. ಎಂ.ಎ. ಮುಗಿಸಿದ್ದ ನನಗೆ ಈ ತರ್ಕದಲ್ಲಿ ದೋಷ ಕಾಣುತ್ತಿತ್ತು. ಆದರೆ ನಾನಿನ್ನೂ ಕಾಯಂ ಆಗಿರಲಿಲ್ಲ.

ನಾನಿದ್ದದ್ದು ನಾಸಿಕ್ ರೋಡಿನಲ್ಲಿ, ಸೋದರಮಾವನ ಮನೆಯಲ್ಲಿ. ಮಾಮಾ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಬಿಡಿಭಾಗಗಳ ಲೆಕ್ಕ ಇಡುತ್ತಿದ್ದರು. ಆ ಕಾರ್ಖಾನೆ ನಮ್ಮ ಗಿರಾಕಿಯಾಯಿತು. ಕೆಲವು ತಿಂಗಳು ಎರಡೂ ಕಡೆ ಲೆಕ್ಕ ನಡೆಯಬೇಕೆಂದು ಒಪ್ಪಂದ: ಮಾಮಾ ಕೈಯಲ್ಲಿ, ನಾವು ಯಂತ್ರದಲ್ಲಿ. ತಾಳೆಯಾದರೆ ಮಾಮಾನ ಮೇಜು ಎತ್ತಿಬಿಡುತ್ತಾರೆ. ಆಗದಿದ್ದರೆ ನಮ್ಮ ಕಂಪನಿಯ ಗುತ್ತಿಗೆ ಕೈತಪ್ಪುತ್ತದೆ, ಅದರ ಹಿಂದೆ ಕಾಯಂ ಆಗದ ನಾವೂ. ಒಂದೇ ಒಲೆಯ ರೊಟ್ಟಿ ತಿನ್ನುವ ಇಬ್ಬರಲ್ಲಿ ಒಬ್ಬರ ಕೆಲಸ ಮಾತ್ರ ಉಳಿಯಬಹುದಿತ್ತು.

"ಏನವಾ ಎಂ.ಎ., ನಿಮ್ಮ ದೇವರು ಇವತ್ತ ನಟ್ಟು ಎಣಸ್ತೋ, ಬೋಲ್ಟು ಎಣಸ್ತೋ?"

"ನಿಮಗಿಂತಾ ಲಗೂನ ಎಣಸ್ತದ ಬಿಡ್ರಿ ಮಾಮಾ."

"ನನ್ನನ್ನೂ ಅಷ್ಟು ತಣ್ಣಗ ಇಟ್ರ ನಾನೂ ಲಗೂ ಎಣಸ್ತೇನಿ."

ಕೊನೆಯ ತಿಂಗಳ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ತಂಪಿನ ಯಂತ್ರ ಕೆಟ್ಟಿತು. ಹೊರಗೆ ಬಿಡದ ಮಳೆ. ಕಾರ್ಡುಗಳು ತೇವ ಹೀರಿ ಉಬ್ಬಿ ಯಂತ್ರದ ಬಾಯಲ್ಲಿ ಸಿಕ್ಕಿಕೊಂಡವು. ನಮ್ಮ ಸಾಹೇಬರು ಬೆಳಗಾವಿ ಕಡೆಯವರು. ಮುಂಬಯಿಗೆ ಟ್ರಂಕ್ ಕಾಲ್ ಮಾಡಿ ಸಲಹೆ ಕೇಳಿದರು. ಕೋಣೆಯನ್ನು ತಂಪಾಗಿಡಿ ಎಂಬ ಸಲಹೆ ಬಂತು. ಕಡೆಗೆ ನಾವೇ ಕಾರ್ಡುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದುರಿನ ಉಡುಪಿ ಹೋಟೆಲಿಗೆ ಒಯ್ದು, ದೋಸೆಕಾವಲಿಯ ಪಕ್ಕ ಹರಡಿದೆವು.

"ಇದು ಬೇಯ್ಲಿಕ್ಕೆ ಎಷ್ಟು ಹೊತ್ತು ಬೇಕಮ್ಮ?" ಎಂದರು ಹೋಟೆಲಿನ ಯಜಮಾನರು. "ಇವತ್ತಿನ ಸ್ಪೆಷಲ್ ಎಂತದು ಅಂತ ಗಿರಾಕಿಗಳು ಕೇಳ್ತಿದ್ದಾರೆ."

ಕಾರ್ಡುಗಳು ಒಣಗಿದವು, ಹಪ್ಪಳದಂತೆ ಸೊಟ್ಟಗೂ ಆದವು. ಯಂತ್ರ ಅವನ್ನು ಮುಟ್ಟಲಿಲ್ಲ.

ಮರುದಿನ ಕಾರ್ಖಾನೆಯ ಅಧಿಕಾರಿಗಳು ಬರುವವರಿದ್ದರು. ಸಂಜೆ ಸಾಹೇಬರು ನನ್ನ ಜೊತೆ ಮನೆಗೇ ಬಂದರು.

"ನಿಮ್ಮ ಕೈಲೆಕ್ಕ ಮುಗದದ ಅಂತಲ್ಲರಿ? ನಾಳಿ ತನಕಾ ಕೊಡ್ರಿ. ತಾಳೆ ನೋಡೂದದ."

"ಮಷೀನ್ ಲೆಕ್ಕ ಎಲ್ಲದರಿ, ತಾಳೆ ನೋಡಲಿಕ್ಕೆ?"

"ಬರ್ತದರಿ."

ಮಾಮಾ ಅವರನ್ನು ನೋಡಿದರು, ನನ್ನನ್ನು ನೋಡಿದರು. "ಚಾ ತೊಗೋರಿ" ಎಂದು ಒಳಗೆ ಹೋಗಿ ಹಾಳೆಗಳನ್ನು ತಂದರು. ಸಾಹೇಬರ ಕೈಗೆ ಕೊಟ್ಟರೋ ನನ್ನ ಕೈಗೋ, ಈಗ ಖಾತ್ರಿಯಿಲ್ಲ. ದಿನಚರಿಯಲ್ಲಿ 'ಕೊಟ್ಟರು' ಎಂದಿದೆ.

ಬೆಳಿಗ್ಗೆ ಬೇಗ ಹೋಗಿ ನಾವು ಹುಡುಗಿಯರು ಆ ಹಾಳೆಗಳನ್ನು ಹಂಚಿಕೊಂಡು ಅಗಲ ಕಾಗದದ ಮೇಲೆ ಟೈಪು ಮಾಡಿದೆವು. ಮಾಮಾನ ಹಾಳೆಗಳು ಮಾಮಾಗೆ ಮರಳಿದವು. ಅಧಿಕಾರಿಗಳು ಬೂಟು ಬಿಚ್ಚಿ ಒಳಗೆ ಬಂದರು. ಸಾಹೇಬರು ಯಂತ್ರದ ದೀಪಗಳನ್ನಷ್ಟೇ ಹೊತ್ತಿಸಿದ್ದರು. ದೊಡ್ಡ ಅಧಿಕಾರಿ ಕಾಗದವನ್ನು ತಿರುಗಿಸಿ ನೋಡಿ, ಇಷ್ಟು ಶುದ್ಧವಾದ ಲೆಕ್ಕ ಮನುಷ್ಯನಿಂದ ಆಗುವಂಥದ್ದಲ್ಲ ಎಂದು ಮರಾಠಿಯಲ್ಲಿ ಮೆಚ್ಚಿದರು. ಆಮೇಲೆ ಹಿಂದೆ ನಿಂತಿದ್ದ ಮನುಷ್ಯನನ್ನು, ಅಂದರೆ ಮಾಮಾನನ್ನು, ತಾಳೆ ನೋಡಲು ಕರೆದರು. ಮಾಮಾ ಕನ್ನಡಕ ಹಾಕಿಕೊಂಡು ತಮ್ಮ ಅಂಕಿಗಳನ್ನು ತಮ್ಮ ಅಂಕಿಗಳೊಂದಿಗೆ ಬಹಳ ಶ್ರದ್ಧೆಯಿಂದ ಹೋಲಿಸಿದರು. ಅವಸರ ಮಾಡಲಿಲ್ಲ. ಒಂದು ಕಡೆ ಬೆರಳು ನಿಲ್ಲಿಸಿದಾಗ ಸಾಹೇಬರು, ಆ ಸೆಕೆಯಲ್ಲಿ, ಸ್ವೆಟರಿನ ಗುಂಡಿ ಹಾಕಿಕೊಂಡರು.

ಸಾಲು ಸಾಲಿಗೂ ತಾಳೆಯಿದೆ ಎಂದರು ಮಾಮಾ.

ನಾನು ಕಾಯಂ ಆದೆ. ಮಾಮಾನ ಮೇಜು ಹೋಯಿತು; ಅವರನ್ನು ಔರಂಗಾಬಾದಿನ ಗೋದಾಮಿಗೆ ಹಾಕಿದರು. ಆ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಮುಂದಿನ ರಜೆಯಲ್ಲಿ ಸರ್ಕಾರಿ ಎಸ್.ಟಿ. ಬಸ್ಸಿನಲ್ಲಿ ಅಲ್ಲಿಗೆ ಹೋದೆ. ಮಾಮಾ ಹೊಸ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂತು ನನಗಾಗಿ ಪೇರಲ ಹಣ್ಣು ಹೆಚ್ಚುತ್ತಿದ್ದರು. ನಾನು ಒಂದು ಮಾತು ಕೇಳಿದಾಗಲೂ ಚಾಕು ನಿಲ್ಲಲಿಲ್ಲ, ಉಪ್ಪು ಕಾರ ಹಚ್ಚಿ ತಟ್ಟೆ ನನ್ನ ಕಡೆ ಸರಿಸಿದರು. ಆಮೇಲೂ ಎಷ್ಟೋ ಸಲ ಭೇಟಿಯಾದೆವು, ಆ ಮಾತು ಅವರು ಎತ್ತಲಿಲ್ಲ. ನೆನಪನ್ನು ನಂಬದ ನಾನು ಅಂದು ಅವರಿಗೆ ಹಾಕಿದ ಪ್ರಶ್ನೆಯನ್ನು ಮಾತ್ರ ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ:

"ಆ ಹಾಳಿ ಯಾಕ ಬೇಕಾಗ್ಯಾವ ಅಂತ ನಿಮಗ ಗೊತ್ತಿತ್ತಲ್ಲ ಮಾಮಾ, ನನ್ನ ಸಲುವಾಗಿ ಕೊಟ್ರೇನ್ರಿ?"