ಹಲ್ಲು ಕೀಳುವುದನ್ನು ನೋಡಲು ಬಂದವರು

ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ನನಗೆ ಕಮಲಾಪುರದ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಆದೇಶ ಕೈಗೆ ಬಂದ ದಿನವೇ ಹಾಜರಾಗಬೇಕಿತ್ತು, ಆದರೆ ದವಡೆಹಲ್ಲಿನ ನೋವು ಬಾಯಿ ತೆರೆಯಲು ಬಿಡುತ್ತಿರಲಿಲ್ಲ. (ಬಾಯಿ ತೆರೆಯದೆ ಪಾಠ ಹೇಳಲಾಗದಲ್ಲ.) ಹಾಗಾಗಿ ಬಸ್ಸು ಹೊರಡುವ ಮೊದಲು ಕಲಬುರಗಿಯ ರೋಜಾ ಓಣಿಯ ಸಂತೆಯಲ್ಲಿ, ರಸ್ತೆ ಬದಿಗೆ ಹಲ್ಲು ಕೀಳುವ ಚಾಚಾರ ಮುಂದೆ ಕುಳಿತೆ.

ನಾನು ಚೀರಿದ್ದೇ ತಡ, ಸುತ್ತ ಮಂದಿ ನೆರೆದರು. ಎಲ್ಲರಿಗಿಂತ ಮುಂದೆ, ರುಮಾಲಿನಿಂದ ಕೆನ್ನೆ ಕಟ್ಟಿಕೊಂಡ ಹತ್ತಿರದ ಶರಣಸಿರಸಗಿ ಹಳ್ಳಿಯ ಅಜ್ಜರೊಬ್ಬರು ನನ್ನ ಬಾಯೊಳಗೇ ಇಣುಕುತ್ತಿದ್ದರು.

ಹಲ್ಲು ಕಿತ್ತು ಬಂದ ಮೇಲೆ ಸಿಟ್ಟಿನಿಂದ ಅವರನ್ನು ಕೇಳಿದೆ: “ಮಂದಿ ಸಂಕಟ ನೋಡಾಕ ಅಷ್ಟು ಖುಷಿ ಏನ್ರೀ?”

“ಖುಷಿ ಅಲ್ಲ ತಮ್ಮಾ,” ಎಂದರು ಅಜ್ಜ. “ನಂದೂ ಹಲ್ಲು ನೋಯಾಕತ್ತದ. ಪ್ರತಿ ಸಂತಿಗೂ ಬರ್ತೀನಿ, ಬ್ಯಾರೆಯವರದು ನೋಡ್ತೀನಿ, ಹೆದರಿ ಹೋಗ್ತೀನಿ. ಖರೇ ಹೇಳು, ಭಾಳ ನೋವಾತೇನು?”

ಅವರ ಮುಖ ನೋಡಿದ ಮೇಲೆ ನಿಜ ಹೇಳಲು ಆಗಲಿಲ್ಲ. “ಇರುವಿ ಕಚ್ಚಿದಂಗ್ರೀ, ಅಷ್ಟೇ,” ಎಂದೆ, ರಕ್ತ ಉಗುಳುತ್ತಾ.

“ಬಿಲ್ಕುಲ್! ಕೂಡ್ರಿ ಅಜ್ಜಾ,” ಎಂದು ಚಾಚಾ ಇಕ್ಕಳ ಒರೆಸಿದರು. ಅಜ್ಜ ಕಡೆಗೂ ಕುಳಿತರು.

ಅಷ್ಟರಲ್ಲಿ ಕಮಲಾಪುರದ ಬಸ್ಸು ಹಾರ್ನ್ ಹೊಡೆಯಿತು. ನಾನು ಪೆಟ್ಟಿಗೆ ಎತ್ತಿಕೊಂಡೆ. ಆಗ ಅಜ್ಜ ಚೀರಿದರು. ನಾನು ಪೆಟ್ಟಿಗೆ ಕೆಳಗಿಟ್ಟು, ಮಂದಿಯನ್ನು ಸರಿಸಿ ನೋಡಲು ಮುಂದೆ ನುಗ್ಗಿದೆ. ಹಿಂದೆ ಬಸ್ಸು ಹೊರಟುಹೋಯಿತು.

ಮರುದಿನ ಹೆಡ್‌ಮಾಸ್ತರರು, “ನಿನ್ನೆ ಯಾಕ ಬರಲಿಲ್ರೀ?” ಎಂದು ಕೇಳಿದರು. ಹಲ್ಲುನೋವು ಎಂದೆ. ಯಾರ ಹಲ್ಲು ಎಂದು ಅವರು ಕೇಳಲಿಲ್ಲ.