ಇನ್ನೂ ದೊಡ್ಡದು, ಇನ್ನೂ ಕಪ್ಪು

ತನ್ನ ಎಡಗಿವಿಯಲ್ಲಿ ಏನೋ ಐಬಿದೆ ಎಂದು ಅವನು ಬಹಳ ದಿನ ನಂಬಿದ್ದ. ಕನ್ನಡಕದಂಗಡಿಯ ಅಕ್ಕ ಮಾತಾಡುವಾಗ ಅವನ ಮುಖ ನೋಡುತ್ತಿರಲಿಲ್ಲ, ಎಡಗಿವಿಯನ್ನೇ ನೋಡುತ್ತಿದ್ದರು. ಮೊದಲ ಸಲ, ಬೆನ್ನ ಹಿಂದೆ ಗೋಡೆ ಗಡಿಯಾರವಿರಬೇಕು, ಹೊತ್ತಾಯಿತು ಏಳಯ್ಯಾ ಎನ್ನುವ ಸೂಚನೆಯಿದು ಎಂದುಕೊಂಡು ಅರ್ಧ ಮಾತಿಗೇ ಎದ್ದು ಬಂದ. ಮುಂದಿನ ಸಲ ತಿರುಗಿ ನೋಡಿದ. ಗಡಿಯಾರವಿಲ್ಲ, ಬರೀ ಗೋಡೆ. ಹಾಗಾದರೆ ಕಿವಿಯೇ ಸರಿ. ಮನೆಗೆ ಬಂದವನು ತಂಗಿಯ ಮುಂದೆ ತಲೆ ವಾಲಿಸಿ ಕುಳಿತ.

"ಒಳಗೆ ಏನಾದ್ರೂ ಕಾಣ್ತಿದ್ಯಾ ನೋಡೇ."

"ಕಾಣ್ತಿದೆ" ಎಂದಳು ತಂಗಿ. "ಆ ಕಡೆ ಕಿವಿಯಾಚೆಯ ಬೀದಿ ಕಾಣ್ತಿದೆ. ನಡುವೆ ಅಡ್ಡ ಏನೂ ಇಲ್ಲ."

ಅಂದಿನಿಂದ ಅವನು ಎಡಗಡೆಯ ಕೂದಲನ್ನು ಕಿವಿ ಮುಚ್ಚುವಷ್ಟು ಬೆಳೆಸಿದ. ಅಕ್ಕ ಆ ಕೂದಲನ್ನು ನೋಡುತ್ತ ಮಾತಾಡತೊಡಗಿದರು.

ಅವನಿಗೆ ಕೆಲಸ, ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಒಂದು ಸಣ್ಣ ಆಫೀಸಿನಲ್ಲಿ. ಕೆಳಗಡೆ ಟೈರಿನಂಗಡಿ, ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಬಾಸಿನ ಭಾಷಣ. ಎರಡು ಚಿತ್ರಗಳ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಾಯಿತೆಂದು ಅವನೊಮ್ಮೆ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದರಿಂದ ಆಫೀಸಿನಲ್ಲಿ ಅವನ ಹೆಸರೇ 'ಕೂದಲೆಳೆ' ಎಂದಾಯಿತು. ಸಂಬಳವೂ ಅದೇ ದಪ್ಪದ್ದು. ಆದರೂ ತಾನೊಬ್ಬ ಕಲಾವಿದ ಎಂಬ ಭ್ರಮೆ ಅವನಿಗಿತ್ತು. ಇರಲಿ ಬಿಡಿ, ಸಣ್ಣ ಸಂಬಳದವರು ದೊಡ್ಡ ಭ್ರಮೆಯನ್ನಾದರೂ ಇಟ್ಟುಕೊಳ್ಳದೆ ತಿಂಗಳ ಕೊನೆ ಮುಟ್ಟುವುದು ಹೇಗೆ?

ಕನ್ನಡಕದಂಗಡಿ ಬಸ್ ನಿಲ್ದಾಣದ ಎದುರಿಗೆ, ಹಸಿರು ಬಾಗಿಲಿನದು. ಸೊಂಟದೆತ್ತರದ ಎರಡು ಗಾಜಿನ ಬೀರು, ಒಂದು ಎತ್ತರದ ಸ್ಟೂಲು, ಗೋಡೆಯ ಮೇಲೆ ಕೆಳಕೆಳಗೆ ಹೋದಂತೆ ಕಿರಿದಾಗುವ ಅಕ್ಷರಗಳ ಹಲಗೆ. ಹಿಂದಿನ ಕೋಣೆಯಲ್ಲಿ ಮಸೂರದ ಅಂಚನ್ನು ತೀಡುವ ಚಕ್ರ. ಅಂಗಡಿ ಅಕ್ಕನ ಅಪ್ಪನದು. ಅಪ್ಪನ ಕೈ ನಡುಗಲು ಶುರುವಾದಾಗ ಅಕ್ಕ ಇನ್ನೂ ಲಂಗ ಹಾಕುವ ವಯಸ್ಸಿನವರು. ಮನೆಯಲ್ಲಿ ಒಬ್ಬರು ಓದಬೇಕು, ಒಬ್ಬರು ಚಕ್ರದ ಮುಂದೆ ಕೂರಬೇಕು ಎಂದಾಯಿತು. ತಮ್ಮ ಓದಿದ. ಅಕ್ಕ ಕೂತವರು ಕೂತೇಬಿಟ್ಟರು. ಮದುವೆಯ ಮಾತು ಬಂದಾಗಲೆಲ್ಲ ಯಾರದೋ ಕನ್ನಡಕ ಅರ್ಜೆಂಟಾಗಿ ಬೇಕಾಗಿರುತ್ತಿತ್ತಂತೆ. ಇದನ್ನು ಅವರೇ ನಗುತ್ತ ಹೇಳುತ್ತಿದ್ದರು. ತಮ್ಮನ ಮುಂದೆ ಮಾತ್ರ ಎಂದೂ ಹೇಳಿದವರಲ್ಲ. ಹೇಳಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಹೇಳದ ಮಾತಿನ ಭಾರ ಹೊತ್ತವನಿಗೇ ಗೊತ್ತು.

ತಮ್ಮ ಕೆಟ್ಟವನಲ್ಲ. ಅಂಗಡಿಯ ಮೇಲಿನ ಮಹಡಿಯಲ್ಲೇ ಸಂಸಾರ. ದಿನವೂ ಕೆಲಸಕ್ಕೆ ಹೋಗುವಾಗ ಅಕ್ಕ ಒಬ್ಬರೇ ನೊಣ ಹೊಡೆಯುತ್ತ ಕೂತಿರುವುದನ್ನು ನೋಡಿ ನೋಡಿ ಒಂದು ದಿನ ಹೇಳಿದ: "ಅಕ್ಕಾ, ಜನ ಈಗ ಕನ್ನಡಕಾನೂ ಫೋನಲ್ಲೇ ಹುಡುಕ್ತಾರೆ. ನೀನೂ ಫೋನೊಳಗೆ ಹೋಗು, ಇಲ್ಲಾಂದ್ರೆ ವರ್ಷದ ಕೊನೆಗೆ ಬಾಗಿಲು ಹಾಕಿ ಬೇರೆಯವರಿಗೆ ಕೊಟ್ಟುಬಿಡೋಣ. ಮನೇಲಿ ಆರಾಮಾಗಿರು."

ಆರಾಮ ಎಂಬ ಮಾತಿಗೆ ಹೆದರಿ ಅಕ್ಕ ಮಾರನೆಯ ದಿನವೇ ವೆಬ್‌ಸೈಟಿನ ಆಫೀಸಿಗೆ ಹೇಳಿಕಳಿಸಿದರಂತೆ. ಹಾಗೆ ಕೂದಲೆಳೆ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು.

ಅವನು ಮೊದಲು ಮಾಡಿದ ಪುಟ ಇವತ್ತಿಗೂ ಅವನ ಪ್ರಕಾರ ಬಲು ಚೆಂದದ್ದು. ಬೆಳ್ಳಗಿನ ಹಿನ್ನೆಲೆ, ಅದರ ಮೇಲೆ ಬೂದಿಬಣ್ಣದ ತೆಳ್ಳನೆಯ ಅಕ್ಷರ, ಸುತ್ತ ಬೇಕಾದಷ್ಟು ಖಾಲಿ ಜಾಗ. "ಪುಟ ಉಸಿರಾಡಬೇಕಪ್ಪಾ" ಎನ್ನುವುದು ಬಾಸಿನ ತಾರಕಮಂತ್ರ. ಮೇಲ್ಗಡೆ ಯಾವುದೋ ದೇಶದ ಹೆಂಗಸೊಬ್ಬಳು ಕನ್ನಡಕ ಹಾಕಿಕೊಂಡು, ಕಾರಣವೇ ಇಲ್ಲದೆ ಹಲ್ಲುಬಿಟ್ಟು ನಗುತ್ತಿದ್ದಳು. ಅವಳು ಸರಿದು ಇನ್ನೊಬ್ಬಳು ಬರುತ್ತಿದ್ದಳು, ಅವಳು ಸರಿದು ಮತ್ತೊಬ್ಬಳು. ಈ ಮೆರವಣಿಗೆ ಮುಗಿದು ಪುಟ ತೆರೆದುಕೊಳ್ಳುವ ಹೊತ್ತಿಗೆ ನೋಡುವವನಿಗೆ ಚಾಳೀಸು ಬಂದಿರುತ್ತಿತ್ತು. ಅಂಗಡಿಯ ಫೋನ್ ನಂಬರು ಎಲ್ಲಕ್ಕಿಂತ ಕೆಳಗೆ, ನಾಚಿಕೊಂಡು ಕೂತಿತ್ತು.

ಅಕ್ಕ ಫೋನನ್ನು ಕೈಯಲ್ಲಿ ಹಿಡಿದು, ತಲೆ ಒಂದು ಕಡೆ ವಾಲಿಸಿ, ತುಂಬ ಹೊತ್ತು ಪುಟ ನೋಡಿದರು. ತನ್ನ ಕಲೆಗೆ ಮರುಳಾಗಿದ್ದಾರೆ ಎಂದು ಅವನು ಒಳಗೊಳಗೇ ಉಬ್ಬಿದ.

"ಅಕ್ಷರ ದೊಡ್ಡದು ಮಾಡಪ್ಪಾ" ಎಂದರು ಅಕ್ಕ.

ದೊಡ್ಡದು ಮಾಡಿ ತಂದ. ಅವನ ಲೆಕ್ಕದಲ್ಲಿ ದೊಡ್ಡದು.

"ಇನ್ನೂ ದೊಡ್ಡದು. ಇನ್ನೂ ಕಪ್ಪು."

ಮತ್ತೊಮ್ಮೆ ತಂದ. "ಇನ್ನೂ" ಎಂದರು.

"ಅಕ್ಕಾ, ಅತಿ ದೊಡ್ಡದಾದ್ರೆ ಪುಟ ಕಿರುಚಿದ ಹಾಗೆ ಕಾಣುತ್ತೆ."

"ಕಿರುಚಲಿ ಬಿಡು. ಕನ್ನಡಕ ಮುರಿದುಕೊಂಡವನು ನನ್ನ ಪುಟ ನೋಡೋವಾಗ ಅವನ ಮೂಗಿನ ಮೇಲೆ ಏನಿರುತ್ತೆ? ಬರೀ ಬೆವರು. ಅವನಿಗೆ ಪಿಸುಮಾತು ಕಾಣುತ್ತಾ?"

ಮಾತು ಸರಿಯಿತ್ತು. ಆದರೆ ಸರಿಯಾದ ಮಾತನ್ನು ಗಿರಾಕಿ ಹೇಳಿದರೆ ಒಪ್ಪಬಾರದು ಎಂಬುದು ಅವನ ಆಫೀಸಿನ ರಿವಾಜು. 'ಇನ್ನೂ ದೊಡ್ಡದು' ಎಂಬುದು ಅಲ್ಲಿ ಹಾಸ್ಯದ ಮಾತಾಯಿತು; ಚಹಾ ತರಿಸುವಾಗಲೂ ಯಾರಾದರೊಬ್ಬರು "ಇನ್ನೂ ದೊಡ್ಡದು, ಇನ್ನೂ ಕಪ್ಪು" ಎನ್ನುವರು. ನಗುವವರಲ್ಲಿ ಅವನೇ ಮುಂದು.

ಕೊನೆಗೊಂದು ದಿನ ಅವನಿಗೆ ರೋಸಿಹೋಯಿತು. ಹಟಕ್ಕೆ ಬಿದ್ದು, ಅಣಕಿಸಲೆಂದೇ ಒಂದು ಪುಟ ಮಾಡಿದ. ನಗುವ ಹೆಂಗಸರನ್ನೆಲ್ಲ ಮನೆಗೆ ಕಳಿಸಿದ. ಹೆಸರು, ವಿಳಾಸ, ವಯಸ್ಸು, ಊರುಕೇರಿ ಎಲ್ಲ ತುಂಬಿಸಬೇಕಿದ್ದ ಅರ್ಜಿಯನ್ನು ಕಿತ್ತುಹಾಕಿದ. ಹಲಗೆಯಷ್ಟು ದಪ್ಪಗಿನ ಕಪ್ಪು ಅಕ್ಷರದಲ್ಲಿ 'ಕನ್ನಡಕ ಮುರಿಯಿತೇ? ಇವತ್ತೇ ಸರಿಮಾಡುತ್ತೇವೆ' ಎಂದು ಬರೆದ. ಅದರ ಕೆಳಗೆ ಬಾಗಿಲಿನಷ್ಟು ದೊಡ್ಡ ಗುಂಡಿ: 'ಒತ್ತಿ, ಫೋನ್ ಮಾಡಿ'. ಅದರ ಕೆಳಗೆ ಅಂಗಡಿಯ ಹಸಿರು ಬಾಗಿಲಿನ ಫೋಟೋ, ಬಸ್ ನಿಲ್ದಾಣದ ಎದುರು ಎಂಬ ಒಂದು ಸಾಲು, ಬಾಗಿಲು ತೆಗೆಯುವ ಮುಚ್ಚುವ ಹೊತ್ತು. ಮುಗಿಯಿತು. ತೋರಿಸಿ, ಈಗ ಮುಖ ಸಿಂಡರಿಸುತ್ತಾರೆ ಎಂದು ಕಾದ.

ಅಕ್ಕನ ಮುಖ ಅರಳಿತು. "ಹಾಂ! ಈಗ ಬಂತು ನೋಡು. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?"

ಬಾಸ್ ಅದನ್ನು ನೋಡಿ, "ಇದರ ಕೆಳಗೆ ನಮ್ಮ ಆಫೀಸಿನ ಹೆಸರು ಹಾಕಬೇಡ ಕಣಪ್ಪಾ, ನಾಳೆ ನಾನು ನಾಲ್ಕು ಜನಕ್ಕೆ ಮುಖ ತೋರಿಸಬೇಕು" ಎಂದ. ಹೆಸರಿಲ್ಲದೆ ಪುಟ ಹೊರಗೆ ಹೋಯಿತು.

ಆಮೇಲೆ ಆದದ್ದೇ ಬೇರೆ. ಚೆಂದದ ಪುಟಗಳಿಗೆ ಬಾರದ ಜನ ಆ ಕಿರುಚುವ ಪುಟಕ್ಕೆ ಬಂದರು. ಕನ್ನಡಕದ ಮೇಲೆ ಕೂತವರು, ಮೊಮ್ಮಗು ಕಿತ್ತೆಸೆದವರು, ಸ್ನಾನದ ಮನೆಯಲ್ಲಿ ತುಳಿದವರು. ಬಸ್ ಇಳಿಯುವರು, ತಡವರಿಸುತ್ತ ಹಸಿರು ಬಾಗಿಲು ಹುಡುಕುವರು. ತುಸು ಬೆಳಕು ಬಂತು ಆ ಅಂಗಡಿಗೆ. ಅಕ್ಕ ಸೆರಗಿನಿಂದ ಗಾಜಿನ ಬೀರು ಒರೆಸತೊಡಗಿದರು. ಕೂದಲೆಳೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆ ದಾರಿಯಾಗಿ ಬಂದು, ಬಾಗಿಲಲ್ಲಿ ನಿಂತ ಜನರನ್ನು ತನ್ನ ಮಕ್ಕಳೋ ಎಂಬಂತೆ ನೋಡಿ ಹೋಗುತ್ತಿದ್ದ. ಅಣಕಿಸಲು ಮಾಡಿದ್ದೆಂಬುದನ್ನು ಮರೆತು, ಪುಟ ಸರಳವಾಗಿರಬೇಕು ಎಂದು ತಂಗಿಗೆ ಉಪದೇಶವನ್ನೂ ಕೊಟ್ಟ.

ಅವನು ಹಾಗೆ ಬಂದಿದ್ದ ಒಂದು ಮಧ್ಯಾಹ್ನವೇ ಬಸ್ಸಿನ ಡ್ರೈವರ್ ವಾಪಸ್ಸು ಬಂದದ್ದು. ಹೋದ ವಾರವಷ್ಟೇ ಕನ್ನಡಕ ಮಾಡಿಸಿಕೊಂಡು ಹೋಗಿದ್ದ ಮನುಷ್ಯ. ಅದನ್ನು ಮುಖದಿಂದ ತೆಗೆದು ಗಾಜಿನ ಬೀರಿನ ಮೇಲಿಟ್ಟ.

"ಅಕ್ಕಾ, ಇದು ಹಾಕ್ಕೊಂಡ್ರೆ ರಸ್ತೆ ಒಂದು ಕಡೆ ವಾಲುತ್ತೆ. ಅಭ್ಯಾಸ ಆಗುತ್ತೆ ಅಂದ್ಕೊಂಡೆ. ನಿನ್ನೆ ತಿರುವಿನಲ್ಲಿ ಒಬ್ಬ ಸೈಕಲ್ಲಿನವನು... ಅವನ ಆಯುಸ್ಸು ಗಟ್ಟಿಯಿತ್ತು. ಹಿಂದೆ ಬಸ್ ತುಂಬ ಜನ ಅಕ್ಕಾ."

ಅವನು ಜಗಳವಾಡಲಿಲ್ಲ. ಜಗಳವಾಡಿದ್ದರೇ ಚೆನ್ನಾಗಿತ್ತು.

ಅಕ್ಕ ಕನ್ನಡಕವನ್ನು ಪವರ್ ನೋಡುವ ಯಂತ್ರದಲ್ಲಿಟ್ಟು ಕಣ್ಣು ಹಚ್ಚಿದರು. ತಲೆಯನ್ನು ಆ ಕಡೆ ವಾಲಿಸಿದರು, ಈ ಕಡೆ ವಾಲಿಸಿದರು. ಕೊನೆಗೆ ಕೂದಲೆಳೆಯನ್ನು ಕರೆದರು. "ಬಾ ಇಲ್ಲಿ. ಒಳಗೆ ಗೆರೆ ಇದೆ ನೋಡು. ನೆಟ್ಟಗಿದ್ಯಾ, ಓರೆ ಇದ್ಯಾ?"

"ಓರೆ."

"ಎಷ್ಟು ಓರೆ?"

"ನೀವೇ ನೋಡಿದ್ರಲ್ಲಕ್ಕಾ..."

ಅಕ್ಕ ಕನ್ನಡಕವನ್ನು ಯಂತ್ರದಿಂದ ತೆಗೆದರು. ಡ್ರೈವರಿಗೆ ಕೊಡುತ್ತ, "ಇದನ್ನ ಹಾಕಿಕೊಂಡು ಗಾಡಿ ಓಡಿಸಬೇಡಪ್ಪಾ. ಸೇತುವೆಯಾಚೆ ಇನ್ನೊಂದು ಅಂಗಡಿ ಇದೆ, ಅಲ್ಲಿಗೆ ಹೋಗು. ನಾನು ಫೋನ್ ಮಾಡಿ ಹೇಳ್ತೀನಿ. ಮಸೂರ ಓರೆಯಾಗಿ ಕೂರಿಸಿಬಿಟ್ಟಿದ್ದೀನಿ, ತಪ್ಪು ನಂದು" ಎಂದರು.

ಡ್ರೈವರ್ ಹೋದ. ಕೂದಲೆಳೆ ಗಾಜಿನ ಬೀರಿನ ಹಿಂದಿದ್ದ ಮರದ ಮೇಜಿನ ಮೇಲೆ ಬಾಗಿ ನೋಡಿದ. ತೀಡುವ ಮುನ್ನ ಮಸೂರದ ನಡುವನ್ನು ಚುಕ್ಕೆಯಿಟ್ಟು ಗುರುತಿಸುವ ಪೆನ್ನು ಅಲ್ಲೇ ಬಿದ್ದಿತ್ತು. ಮೇಜಿನ ತುಂಬ ಚುಕ್ಕೆಗಳು. ಮಸೂರದ ಮೇಲೆ ಬೀಳಬೇಕಾಗಿದ್ದವು ಮರದ ಮೇಲೆ ಬಿದ್ದಿದ್ದವು.

"ಅಕ್ಕಾ, ನಿಮ್ಮ ಕಣ್ಣು..."

"ನಡುಮಧ್ಯ ಒಂದು ಮಸಿ. ಯಾವುದನ್ನ ನೋಡಬೇಕು ಅಂತೀನೋ ಅದೇ ಅದರೊಳಗೆ ಬೀಳುತ್ತೆ. ಪಕ್ಕಕ್ಕೆ ನೋಡಿದ್ರೆ ಅಂಚಿನಲ್ಲಿ ಒಂದಿಷ್ಟು ಸಿಗುತ್ತೆ."

"ಓ, ಅದಕ್ಕೇನಾ ನನ್ನ ಕಿವಿ..."

"ಯಾವ ಕಿವಿ? ನಿನ್ನ ಕಿವಿ ನಾನು ಕಂಡೇ ಇಲ್ಲ. ನೇರ ನೋಡಿದ್ರೆ ನಿಂಗೆ ಮುಖಾನೇ ಇಲ್ಲ ಮಗಾ, ಅದಕ್ಕೆ ಪಕ್ಕ ನೋಡ್ತಿದ್ದೆ."

ಅವನು ಅಲ್ಲಿಗೆ ಸುಮ್ಮನಾಗಬೇಕಿತ್ತು. ದಡ್ಡತನಕ್ಕೆ ಬಾಯಿ ದೊಡ್ಡದು. "ಒಳ್ಳೆ ಪವರಿನ ಕನ್ನಡಕ ಹಾಕಿದ್ರೆ?" ಎಂದು ಕೇಳಿಬಿಟ್ಟ.

"ಈ ಅಂಗಡೀಲಿ ಇರೋದೆಲ್ಲಾ ಹಾಕಿ ನೋಡಿದೀನಿ" ಎಂದರು ಅಕ್ಕ.

ಆಸ್ಪತ್ರೆಯಲ್ಲಿ ಇದ್ದಷ್ಟನ್ನು ಉಳಿಸಿಕೊಳ್ಳಿ ಎಂದಷ್ಟೇ ಹೇಳಿದ್ದರಂತೆ. ತಮ್ಮನಿಗೆ ಗೊತ್ತಿಲ್ಲ. ಗೋಡೆಯ ಮೇಲಿನ ಅಕ್ಷರಗಳ ಹಲಗೆ ಅವರಿಗೆ ಚಿಕ್ಕಂದಿನಿಂದ ಬಾಯಿಪಾಠ. ಬಂದವರ ಮುಂದೆ ಅದನ್ನೇ ಓದಿದಂತೆ ಮಾಡಿ ದಿನ ತಳ್ಳುತ್ತಿದ್ದರು. ಅವರ ಹಂಚಿಕೆ ಇಷ್ಟೇ: ಪುಟ ನೋಡಿ ಜನ ಬರಲಿ, ಜನ ಬಂದರೆ ಅಂಗಡಿ ಉಳಿಯುತ್ತದೆ, ಉಳಿದರೆ ಚಕ್ರಕ್ಕೆ ಯಾರನ್ನಾದರೂ ಕೂರಿಸಿ ತಾನು ಮುಂದುಗಡೆ ಸ್ಟೂಲಿನ ಮೇಲೆ ಕೂತಿರಬಹುದು. ಅಷ್ಟೇ ಬೇಕಿತ್ತು ಅವರಿಗೆ. ಆ ಸ್ಟೂಲು.

"ಹಾಗೇ ಮಾಡಿ ಅಕ್ಕಾ. ನಾಳೆಯೇ ಒಬ್ಬರನ್ನ ಇಟ್ಟುಕೊಳ್ಳಿ."

"ಅವರು ಮಾಡಿದ್ದು ಸರಿಯೋ ತಪ್ಪೋ ನೋಡೋರು ಯಾರು? ಹೊರಗೆ ಹೋಗೋದು ನನ್ನ ಕೈ ದಾಟಿಯೇ ಅಲ್ವಾ. ಮೊದಲಾದ್ರೆ ವಾರಕ್ಕೊಬ್ಬರು ಬರ್ತಿದ್ರು, ತಡವಿ ತಡವಿ ಹೇಗೋ ಸರಿಯಾಗಿ ಮಾಡ್ತಿದ್ದೆ. ಈಗ ಸಾಲು ನಿಂತಿದ್ದಾರೆ. ನೀನು ಪುಟ ಚೆನ್ನಾಗಿ ಮಾಡಿದೆ ಮಗಾ. ಎಷ್ಟು ಜನರ ಮೂಗಿನ ಮೇಲೆ ನನ್ನ ತಪ್ಪು ಕೂತಿದೆಯೋ!"

ಚೆನ್ನಾಗಿ ಮಾಡಿದೆ ಎಂಬ ಹೊಗಳಿಕೆ ಅವನ ವೃತ್ತಿಜೀವನದಲ್ಲಿ ಅದೇ ಮೊದಲು. ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ, ಅಂದು ರಜೆ ಹಾಕಿ ಮನೆಯಲ್ಲಿದ್ದ ತಮ್ಮ ಮೇಲಿನಿಂದ ಇಳಿದು ಬಂದ. ಕೈಯಲ್ಲಿ ಅಂಗಡಿಯ ಫೋನು, ಮುಖದಲ್ಲಿ ಹಿಗ್ಗು.

"ಅಕ್ಕಾ, ಊಟಕ್ಕೆ ಬಂದಾಗ ಮೇಲೆ ಮರೆತು ಬಂದಿದ್ದೀಯ. ನಿಲ್ತಾನೇ ಇಲ್ಲ ನೋಡು ಇದು! ನಾನು ಸೋತೆ ಬಿಡು. ಅಂಗಡಿ ಯಾರಿಗೂ ಕೊಡೋದು ಬೇಡ. ನೀನಿರೋವರೆಗೂ ನಿಂದೇ." ಕೂದಲೆಳೆಯ ಬೆನ್ನು ತಟ್ಟಿದ. "ಭೇಷ್ ಕಣಪ್ಪಾ. ಇನ್ನೂ ದೊಡ್ಡದು ಮಾಡಿಬಿಡು!"

ಅಕ್ಕ ಇಷ್ಟು ದಿನ ಕಾದಿದ್ದ ಮಾತು ಅದೇ. ಬಂತು, ಊಟ ಮುಗಿದ ಎಲೆಗೆ ಉಪ್ಪು ಬಡಿಸಿದ ಹಾಗೆ. ಅವರು ತಮ್ಮನ ಕಡೆ ತಿರುಗಿದರು, ಅಂದರೆ ಅವನ ಭುಜದ ಪಕ್ಕದ ಗೋಡೆಯ ಕಡೆ.

"ಬೇಡ. ಬಾಗಿಲು ಹಾಕೋಣ."

"ಯಾಕೆ? ನನ್ನ ಮೇಲೆ ಸಿಟ್ಟಾ? ಅವತ್ತು ಏನೋ ಅಂದೆ ಅಂತ..."

"ಸಿಟ್ಟಿಲ್ಲ." ಅಕ್ಕ ಕೂದಲೆಳೆಯ ಕಡೆ ಕೈ ಮಾಡಿದರು. "ಪುಟ ಬದಲಾಯಿಸಪ್ಪಾ. ಅಂಗಡಿ ಮುಚ್ಚಿದೆ ಅಂತ ಹಾಕು. ಆ ಫೋನಿನ ಗುಂಡಿ ತೆಗೆದುಬಿಡು. ಈ ಪುಟ ನೋಡಿ ಬಂದು ಇಲ್ಲಿ ಕನ್ನಡಕ ಮಾಡಿಸಿಕೊಂಡವರೆಲ್ಲ ಇನ್ನೊಂದು ಸಲ ಬೇರೆ ಕಡೆ ತೋರಿಸಿಕೊಳ್ಳಿ ಅಂತ ಬರಿ. ಸೇತುವೆಯಾಚೆ ಅಂಗಡಿಯ ದಾರಿ ಬರಿ."

"ಇದೇನಕ್ಕಾ ಹುಚ್ಚು!" ತಮ್ಮನ ದನಿ ಏರಿತು. "ಕುದುರಿದ ವ್ಯಾಪಾರ ಒದ್ದು ಯಾರಾದ್ರೂ ಹೀಗೆ ಡಂಗುರ ಹೊಡೀತಾರಾ? ಜನ ಏನು ತಿಳ್ಕೊಬೇಕು?"

ಅಕ್ಕ ಎತ್ತರದ ಸ್ಟೂಲನ್ನು ಕೈಯಿಂದ ತಡವಿ ಹುಡುಕಿ, ಹತ್ತಿ ಕೂತರು. ಕೂದಲೆಳೆ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಗಾಜಿನ ಬೀರಿನ ಮೇಲಿಟ್ಟ. 'ಕನ್ನಡಕ ಮುರಿಯಿತೇ?' ಎಂಬುದನ್ನು ಅಳಿಸಿದ. 'ಅಂಗಡಿ ಮುಚ್ಚಿದೆ' ಎಂದು ಬರೆದ. ಗುಂಡಿ ತೆಗೆದ, ಅಕ್ಕ ಹೇಳಿದ ಮಿಕ್ಕ ಮಾತನ್ನೂ ಬರೆದ. ಗುಂಡಿಯಿದ್ದಲ್ಲಿ ಒಂದು ಸಾಲಿನ ಜಾಗ ಖಾಲಿ ಉಳಿಯಿತು. ಖಾಲಿ ಜಾಗವೇ ಪುಟದ ಉಸಿರು ಎಂದು ಬಾಸಿನಿಂದ ಕಲಿತವನಿಗೆ ಅದನ್ನು ನೋಡಲಾಗಲಿಲ್ಲ. ಅನಿವಾರ್ಯ ಕಾರಣಗಳಿಂದ ಎಂದು ಬರೆಯಬಹುದಿತ್ತು. ಎಲ್ಲ ಅಂಗಡಿಗಳೂ ಹಾಗೇ ಬರೆಯುತ್ತವೆ. ಆದರೆ ತಮ್ಮ ಎದುರಿಗೇ ನಿಂತಿದ್ದ, ಏನೂ ತಿಳಿಯದೆ.

"ಕಾರಣ ಅಂತ ಏನು ಹಾಕಲಿ ಅಕ್ಕಾ?" ಎಂದು ತಲೆಯೆತ್ತದೆ ಕೇಳಿದ.

"ಅಂಗಡಿಯವಳಿಗೆ ಕಣ್ಣು ಕಾಣಲ್ಲ ಅಂತ ಹಾಕು" ಎಂದರು ಅಕ್ಕ. "ದೊಡ್ಡದಾಗಿ ಹಾಕು. ನಂಗೂ ಕಾಣಲಿ."