ಪರಾತದ ಬುಡದಾಗ ಬರದ ಮಾತು

ಗೋಕಾಕ ಬಾಜಾರದಾಗ ನನ್ನ ಗೆಳ್ಯಾಂದು ಒಂದ ಭಾಂಡೆ-ಪಾತ್ರಿ ಅಂಗಡಿ ಐತಿ. ಅದರ ಬಾಗಲದಾಗ ಕುಂತು, ಕಿರ್ರ್ ಅನ್ನೋ ಸಣ್ಣ ಮಷೀನ್ ಹಿಡದು, ಮಂದಿ ಕೊಂಡ ಭಾಂಡೆ ಮ್ಯಾಲ ಹೆಸರ ಹಾಕೋದು ನನ್ನ ಕೆಲಸ. ಗೋಕಾಕದಿಂದ ಹುಕ್ಕೇರಿತನಕ ನನ್ನ ಅಕ್ಷರ ಇಲ್ಲದ ಒಂದ ಅಡಗಿಮನಿ ತೋರಸ್ರಿ, ಮೀಸಿ ಬೋಳಿಸ್ಕೋತೇನಿ. ದೊಡ್ಡ ದೊಡ್ಡ ಪಂಡಿತರ ಪುಸ್ತಕ ಕಪಾಟಿನ್ಯಾಗ ಧೂಳ ತಿಂತಾವು. ನಾ ಬರದಿದ್ದನ್ನ ಮಂದಿ ದಿನಾ ತಿಕ್ಕಿ ತೊಳದು ಓದ್ತಾರ.

ಹೆಸರು ಮ್ಯಾಲ. ಬುಡಕ್ಕ ನಂದೊಂದು ಸಾಲು. ಅದಕ್ಕ ಬ್ಯಾರೆ ರೊಕ್ಕಾ ಇಲ್ಲ, ಗಿರಾಕಿನ್ನ ಕೇಳೋದೂ ಇಲ್ಲ. ಜಿಪುಣನ ಚಾದ ಬೋಗಾಣಿ ಬುಡಕ್ಕ 'ಸಕ್ರಿ ಹಾಕ್ರಿ, ಸಾಯಾಂಗಿಲ್ಲ' ಅಂತ. ಅಂಗಡ್ಯಾಗ ನಿಂತ ಜಗಳಾಡಿದ ಗಂಡ ಹೆಂಡ್ತಿ ತಂಬಿಗಿಗೆ 'ಮೊದಲ ನೀರ ಕುಡೀರಿ' ಅಂತ. ಗೆಳ್ಯಾಗ ಎಲ್ಲಾ ಗೊತ್ತಿತ್ತು. ನಕ್ಕೋತ ಸುಮ್ನಿರತಿದ್ದ.

ಈಗ ಅಂವಗ ಮೊಣಕಾಲ ನೋವು, ಮನ್ಯಾಗ ಕುಂತಾನ. ಗಲ್ಲಾದಾಗ ಅವನ ಸೊಸಿ ಕುಂಡ್ರತಾಳ. ಶ್ಯಾಣೇ ಹುಡುಗಿ. ಊರಾಗ ದೊಡ್ಡ ಶೋರೂಮ್ ಆದಮ್ಯಾಲ ನಮ್ಮ ಗಿರಾಕಿ ಕಡಿಮಿ ಆದ್ರು. ಆಕಿ ದಿನಾ ಮುಂಜಾನೆ ಎಲ್ಲಾರ ಫೋನಿಗೆ ಗುಲಾಬಿ ಚಿತ್ರದ ಜೋಡಿ 'ಆತ್ಮೀಯ ಗ್ರಾಹಕರೇ, ನೀವೇ ನಮ್ಮ ದೇವರು' ಅಂತ ಕಳಸಾಕ ಚಾಲೂ ಮಾಡಿದ್ಲು.

"ಮಗಳ, ದಿನಾ ಮೆಸೇಜ್ ಹಾಕಿದ್ರ ದೇವ್ರೂ ಬ್ಲಾಕ್ ಮಾಡ್ತಾನ" ಅಂದ್ನಿ.

"ಕಾಕಾ, ನೀವು ಹೆಸರಷ್ಟ ಹಾಕ್ರಿ. ಬುಡದಾಗ ಏನೂ ಗೀಚಬ್ಯಾಡ್ರಿ. ಯಾರರ ಸಿಟ್ಟಾದ್ರ ನನ್ನ ಅಂಗಡಿ ಹೋಗ್ತೈತಿ. ನಿಮ್ದೇನ ಹೋಗ್ತೈತಿ?"

"ನನ್ನ ಮರ್ಯಾದಿ ಹೋಗ್ತೈತಿ."

"ಅದು ಇದ್ರಲ್ಲ ಹೋಗಾಕ!"

ನೋಡ್ರಿ, ನನ್ನ ಗಾಳಿ ಹತ್ತೇತಿ ಹುಡುಗಿಗೆ. ನಾನೇನ ಮಾತ ಕೇಳೋ ಪೈಕಿ ಅಲ್ಲ. ಹುಕ್ಕೇರಿ ಕಡಿ ಹುಡುಗಿ ಒಬ್ಬಾಕಿ ಮದಿವ್ಯಾಗಿ ಮೂಡಲಗಿಗೆ ಹೊಂಟಿದ್ಲು. ಭಾಂಡೆ ತಗೊಳ್ಳಾಕ ಬಂದಾಗ ಮುಖಾ ಸಪ್ಪಗ ಮಾಡ್ಕೊಂಡ ನಿಂತಿದ್ಲು. ರೊಟ್ಟಿ ಹಿಟ್ಟ ನಾದೋ ಪರಾತದ ಬುಡಕ್ಕ ಸಣ್ಣಾಗಿ ಬರದ ಬಿಟ್ನಿ: 'ಅತ್ತಿ ಬೈದ್ರ ನನ್ನ ಬಾರ್ಸು, ಗೋಕಾಕಕ್ಕ ಕೇಳಸ್ತೈತಿ.'

ಮುಂದ ಕೆಲವು ತಿಂಗಳಿಗೆ ಆ ಹುಡುಗಿಯ ಮೂಡಲಗಿ ಅತ್ತಿ ತನ್ನ ಮಗಳ ಮದಿವಿಗೆ ನಮ್ಮಲ್ಲೇ ಭಾಂಡೆ ಹೇಳಿದ್ಲು. ಆ ಸಾಮಾನು ಹ್ವಾದ್ರ ಅಂಗಡಿ ಈ ವರ್ಷ ತಡೀತೈತಿ ಅಂತ ನಮ್ಮ ಗಲ್ಲಾದ ಹುಡುಗಿ ಕುಣ್ಯಾಕತ್ತಿದ್ಲು. ಹಂಡೆ, ಕೊಡ, ಪರಾತ ಎಲ್ಲಾ ಸಾಲಾಗಿ ಇಟ್ಟು, ಹೆಸರ ಹಾಕೋದಷ್ಟ ಬಾಕಿ. ಅಷ್ಟರಾಗ ಆ ಅತ್ತಿ ಫೋನ್ ಬಂತು.

"ಯಾವ ಭಾಂಡೆ ಮ್ಯಾಲೂ ಹೆಸರ ಹಾಕಬ್ಯಾಡ್ರಿ. ನಾಳಿ ನಾನ ಬರ್ತೇನಿ. ಆ ಬುಡದಾಗ ಬರಿಯಾಂವನೂ ಇರಬೇಕು."

ನಮ್ಮ ಧಂದೇದಾಗ ಹೆಸರ ಬಿದ್ದ ಭಾಂಡೆ ವಾಪಸ್ ತಗೊಳ್ಳಾಂಗಿಲ್ಲ. ಹೆಸರ ಹಾಕಬ್ಯಾಡ ಅಂದ್ರ ಸಾಮಾನ ಬ್ಯಾಡ ಅಂದಂಗ.

"ಏನ ಬರದೀರಿ ಕಾಕಾ?" ಅಂದ್ಲು. ಹೇಳಿದ್ನಿ. ತಲಿ ಹಿಡಕೊಂಡ ಕುಂತ್ಲು.

"ಅಕ್ಷರ ಮಾತ್ರ ಭಾಳ ಚಂದ ಬಂದಿದ್ವು" ಅಂದ್ನಿ. ನಗಲಿಲ್ಲ. ಕಣ್ಣ ಒರಸ್ಕೊಂಡ ಆ ಭಾಂಡೆಗೋಳ ಮ್ಯಾಲ ಅರಬಿ ಮುಚ್ಚಿದ್ಲು. ಅವತ್ತ ನನಗೂ ಚಾ ಸೇರಲಿಲ್ಲ. ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ.

ಮರುದಿನ ಅತ್ತಿ ಬಂದ್ಲು. ಬಗಲಾಗ ಆ ಪರಾತ.

"ಬರದಾಂವ ಯಾರು?"

ಮೀಸಿ ತೀಡಿ "ನಾನ" ಅಂದ್ನಿ.

"ಏ ಅಜ್ಜಾ, ನಾ ಸೊಸಿಗೆ ಬೈತೇನಂತ ನಿನಗ ಯಾರ ಹೇಳಿದ್ರು?"

"ದನಿ ಕೇಳಿದ್ರನ ಗೊತ್ತಾಗ್ತೈತಿ ಬಿಡ್ರಿ."

ಗಲ್ಲಾದಾಗಿನ ಹುಡುಗಿ "ಕಾಕಾ!" ಅಂತ ಚೀರಿದ್ಲು. ಅತ್ತಿ ನನ್ನ ದುರುಗುಟ್ಟಿ ನೋಡಿದ್ಲು. ಆಮ್ಯಾಲ ಮೈಯೆಲ್ಲಾ ಅಳ್ಳಾಡಿಸಿ ನಕ್ಕು, ಸ್ಟೂಲ್ ಎಳಕೊಂಡ ಕುಂತ್ಲು.

"ನಮ್ಮ ಮನಿಗಿ ಬಂದಾಗಿಂದ ಆ ಹುಡುಗಿ ತುಟಿ ಬಿಚ್ಚಿರಲಿಲ್ಲ. ಮೊನ್ನಿ ಪರಾತ ತಿಕ್ಕೂಮುಂದ ಒಬ್ಬಾಕಿನ ನಗಾಕತ್ತಿದ್ಲು. ಕಸಗೊಂಡ ಓದಿದ್ನಿ. ನನಗೂ ನಗಿ ತಡೀಲಿಲ್ಲ. ಅವತ್ತಿಂದ ಇಬ್ರೂ ಮಾತಾಡಾಕತ್ತೇವಿ. ಈಗ ಇದರ ಕೆಳಗ ನನ್ನ ಜವಾಬು ಹಾಕು: 'ಮೊದಲ ರೊಟ್ಟಿ ಉಣ್ಣು, ಆಮ್ಯಾಲ ಬಾರ್ಸು.'"

"ಮತ್ತ... ನಿಮ್ಮ ಮಗಳ ಸಾಮಾನ್ರಿ ಅಕ್ಕಾರ?" ನಮ್ಮ ಹುಡುಗಿ ಭಾಂಡೆ ಮ್ಯಾಲಿನ ಅರಬಿ ತುದಿ ಹಿಡದ ಕೇಳಿದ್ಲು.

"ಬೇಕವಾ, ಎಲ್ಲಾನೂ ಬೇಕು. ಹೆಸರ ಹಾಕಾಕ ಬಿಟ್ರ ಈ ಅಜ್ಜ ಬುಡದಾಗ ತನಗ ತಿಳದಿದ್ದು ಬರದ ಬಿಡ್ತಾನಂತ ತಡದೇನಿ. ನನ್ನ ಮಗಳಿಗೆ ಏನ ಬರಸಬೇಕಂತ ನಾನೂ ಸೊಸಿನೂ ಕುಂತ ವಿಚಾರ ಮಾಡೇವಿ. ಹೇಳ್ತೇನಿ, ಬರಕೋ."

ಅವತ್ತ ಹೊತ್ತ ಮುಣಗೂತನಕ ಬರದ್ನಿ. ಬೆರಳು ಮರಗಟ್ಟಿದ್ವು, ಆದ್ರ ಒಂದ ಅಕ್ಷರ ಸೊಟ್ಟ ಆಗಲಿಲ್ಲ.

ಗುಲಾಬಿ ಚಿತ್ರ ಬಂದ್ ಆದ್ವು. ಈಗ ಭಾಂಡೆ ಮಾರಿದ ಮ್ಯಾಲ ನಮ್ಮ ಹುಡುಗಿ ತಾನ ಕೇಳ್ತಾಳ, "ಬುಡಕ್ಕ ಏನ ಬರಸ್ತೀರಿ? ಯಾರಿಗೆ ಕೊಡಾಕ?" ಮಂದಿ ನಾಚ್ಕೋತ, ನಕ್ಕೋತ ಮನಿ ಸುದ್ದಿ ಹೇಳ್ತಾರ. ಹಳೇ ಗಿರಾಕಿಗಳು ಜವಾಬು ಬರಸಾಕ ಬರ್ತಾರ, ಬಂದಾವ್ರು ಒಂದ ತಾಟರ ಒಯ್ತಾರ. ಶೋರೂಮ್‌ನ್ಯಾಗೂ ಮಷೀನ್ ಐತಂತ. ಇರ್ಲಿ, ನನ್ನಂಥಾ ಕೋಡಗ ಎಲ್ಲಿಂದ ತರ್ತಾರ?

ನಿನ್ನಿ ಚಾ ಕುಡದು ಲೋಟ ಬೋರಲ ಹಾಕಿದ್ನಿ. ಬುಡಕ್ಕ ಸೊಟ್ಟಂಪಟ್ಟಾ ಅಕ್ಷರ: 'ಕಾಕಾ, ಎರಡನೇದ್ದು ಸಿಗಾಂಗಿಲ್ಲ.'

ಗಲ್ಲಾದ ಕಡಿ ನೋಡಿದ್ನಿ. ಹುಡುಗಿ ಫ್ಯಾನ್ ನೋಡ್ಕೋತ ಕುಂತಿದ್ಲು. ಅಕ್ಷರ ಇನ್ನಾ ಕಲಸಬೇಕು ಆಕಿಗೆ. ಎರಡನೇ ಚಾ ಮಾತ್ರ ಖರೇನ ಬರಲಿಲ್ಲ.